ದೇವದುರ್ಗದ ಅಕ್ಕೋರೂ ನನ್ನ ರಿವರ್ಸ್ ಗೇರೂ

ಗಂಡಂದಿರು ಹೆಂಡತಿಯಿಂದ ಮುಚ್ಚಿಡುವ ಗುಟ್ಟುಗಳಲ್ಲಿ ಹೆಚ್ಚಿನವು ಮುಚ್ಚಿಡುವಷ್ಟು ಬೆಲೆಯವಲ್ಲ. ನನ್ನದೂ ಅಂಥದ್ದೇ: ನನಗೆ ಕಾರನ್ನು ಹಿಂದಕ್ಕೆ ತೆಗೆಯಲು ಬರುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು. ರಾಯಚೂರಿನ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರಾಗಿದ್ದೆ. ವಿದ್ಯಾರ್ಥಿಗಳನ್ನು ದಿನವೂ ಸಾವಿರ ವರ್ಷ ಹಿಂದಕ್ಕೆ ಕರೆದೊಯ್ಯುತ್ತಿದ್ದವನಿಗೆ ಹಳೆಯ ಅಂಬಾಸಿಡರನ್ನು ಹತ್ತು ಅಡಿ ಹಿಂದಕ್ಕೆ ಒಯ್ಯಲಾಗುತ್ತಿರಲಿಲ್ಲ. ಎಲ್ಲಿ ಹೋದರೂ ಮುಂದೆ ಜಾಗ ನೋಡಿ ನಿಲ್ಲಿಸಿ ಆರು ತಿಂಗಳು ಮಾನ ಉಳಿಸಿಕೊಂಡಿದ್ದೆ.

ಆಗ ನನ್ನ ಹೆಂಡತಿ ಗಿರಿಜಾ ದೇವದುರ್ಗಕ್ಕೆ ಹೋಗಬೇಕೆಂದಳು. ಅಲ್ಲಿ ಅವಳಿಗೆ ಪಾಠ ಹೇಳಿದ್ದ ಹುಲಿಗೆಮ್ಮ ಅಕ್ಕೋರು ನಿವೃತ್ತರಾಗಿ, ಆ ಭಾನುವಾರ ಎರಡು ಗಂಟೆಯ ಬಸ್ಸಿಗೆ ರಾಯಚೂರಿಗೆ ಬಂದು, ಸಂಜೆಯ ರೈಲಿನಲ್ಲಿ ಗುಂತಕಲ್ಲಿನ ತಂಗಿಯ ಮನೆಯಲ್ಲೇ ಇರಲು ಹೋಗುವವರಿದ್ದರು. ಕೂಲಿ ಮಾಡುತ್ತಿದ್ದ ನನ್ನ ಮಾವ ಏಳನೆಯ ತರಗತಿಗೇ ಮಗಳ ಶಾಲೆ ಬಿಡಿಸಲು ಹೊರಟಾಗ, ಈ ಅಕ್ಕೋರು ಅವರ ಮನೆ ಕಟ್ಟೆಯ ಮೇಲೆ ಕೂತು, ಅವರು ಒಪ್ಪುವವರೆಗೆ ಏಳಲಿಲ್ಲವಂತೆ. ಅಕ್ಕೋರೂ ಕೂಲಿಯವರ ಮನೆಯಿಂದಲೇ ಬಂದವರು. "ಅವ್ರು ನಮ್ಮ ಮನಿಗೆ ಬಂದಂಗ ನಾನೂ ಅವ್ರ ಮನಿಗೇ ಹೋಗಿ, ನಾ ಟೀಚರ್ ಆಗೀನಿ ಅಂತ ಎದುರಿಗೆ ನಿಂತು ಹೇಳ್ಬೇಕ್ರಿ" ಎಂದಳು ಗಿರಿಜಾ.

ಹೋದ ದಾರಿಯಲ್ಲೇ ಮರಳಬೇಕೆಂದರೆ ಕಾರು ತಿರುಗಿಸಬೇಕು. ಅದಕ್ಕೆ, ಮಾನ್ವಿಯ ಮೇಲೆ ಹೋಗಿ ಇನ್ನೊಂದು ದಾರಿಯಲ್ಲಿ ಬರೋಣ, ಊರು ನೋಡಿದಂತಾಗುತ್ತದೆ ಎಂದೆ. ಸುಳ್ಳು ನೆಪಕ್ಕೆ ಹಿಡಿದ ದಾರಿ ನಿಜಕ್ಕೂ ಚೆಲುವಾಗಿತ್ತು. ಕುರ್ಡಿಯ ಕಡೆಯ ಹೊಲಗಳಲ್ಲಿ ಬಿಳಿ ಜೋಳ ತೆನೆ ತೂಗುತ್ತಿತ್ತು. ಮಾನ್ವಿಯಲ್ಲಿ ಅಕ್ಕಿ ಗಿರಣಿಯ ಬೆಚ್ಚಗಿನ ವಾಸನೆ ಬೀದಿಯುದ್ದ ಹರಡಿತ್ತು. ದಾರಿ ಕೇಳಿದ್ದಕ್ಕೆ ಅಂಗಡಿಯವರೊಬ್ಬರು ಮಿರ್ಚಿ ಭಜಿ ತಿನ್ನಿಸಿಯೇ ದಾರಿ ಹೇಳಿದರು. ಅವಸರವೆಂಬುದೇ ಗೊತ್ತಿಲ್ಲದ ಆ ಊರಿನ ಮೇಲೆ ನನಗೆ ಮೋಹ ಹುಟ್ಟಿ, ಅಲ್ಲೇ ಅರ್ಧ ದಿನ ಕಳೆದುಬಿಟ್ಟೆ.

ದೇವದುರ್ಗದಲ್ಲಿ ಅಕ್ಕೋರ ಓಣಿಗೆ ನುಗ್ಗಿದಾಗ ಎರಡಕ್ಕೆ ಹತ್ತು ನಿಮಿಷವಿತ್ತು. ಓಣಿಯ ನಡುವೆ, ಮೇವು ಹೇರಿದ ಎತ್ತಿನ ಬಂಡಿ ಎದುರಾಯಿತು. "ಸಾಹೇಬ್ರ, ಸ್ವಲ್ಪ ಹಿಂದ ತಗೋರಿ. ನಮ್ಮ ಬಂಡಿಗೆ ಹಿಂದಿನ ಗೇರಿಲ್ಲ" ಎಂದ ಬಂಡಿಯವನು. ನಾನು ಗೇರು ಎಳೆದಾಡಿದೆ, ಬೆವರಿದೆ. ಕೊನೆಗೆ, "ಗಿರಿಜಾ, ನನಗ ಹಿಂದ ತಗೋಳ್ಳಾಕ ಬರೂದಿಲ್ಲ" ಎಂದೆ. ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಕಾರಿನಿಂದ ಇಳಿದು, ಸೀರೆಯ ನೆರಿಗೆ ಎತ್ತಿ ಹಿಡಿದು ಓಣಿಯೊಳಗೆ ಓಡಿದಳು.

ಸ್ವಲ್ಪ ಹೊತ್ತಿಗೆ, ಟ್ರಂಕು ಹಿಡಿದ ಸಣಕಲು ಹೆಂಗಸೊಬ್ಬರು ಅವಳ ಜೊತೆ ಬಂದರು. ಅವರೇ ಅಕ್ಕೋರು. ಸಂಗತಿ ಕೇಳಿ, ಅಕ್ಕಪಕ್ಕದ ಬಾಗಿಲುಗಳತ್ತ ಹೆಸರು ಹಿಡಿದು ಕೂಗಿದರು. ಟೇಲರು, ಪೋಸ್ಟ್‌ಮ್ಯಾನು, ನರೆಗೂದಲಿನ ಕಾಂಪೌಂಡರು, ಎಲ್ಲ ಅವರ ಹಳೆಯ ವಿದ್ಯಾರ್ಥಿಗಳೇ, ಹಾಜರಿ ಹೇಳುವಂತೆ ಹೊರಗೆ ಬಂದರು. "ಮಾಸ್ತರ್ರ, ನೀವು ಸ್ಟೇರಿಂಗ್ ಅಷ್ಟ ಹಿಡ್ಕೊಂಡು ಸುಮ್ನ ಕೂಡ್ರಿ" ಎಂದರು ಅಕ್ಕೋರು ನನಗೆ. ನಾನೂ ಅವರ ವಿದ್ಯಾರ್ಥಿಯಂತೆಯೇ ಸುಮ್ಮನೆ ಕೂತೆ. ಅವರೆಲ್ಲ ಸೇರಿ ಮುಂದಿನಿಂದ ತಳ್ಳಿದರು; ಕಾರು ಮೊದಲ ಬಾರಿಗೆ ನೆಟ್ಟಗೆ ಹಿಂದಕ್ಕೆ ಹೋಯಿತು.

ಅಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ರೈಲು ತಪ್ಪಬಾರದೆಂದು ಅಕ್ಕೋರನ್ನು ನಾವೇ ರಾಯಚೂರಿಗೆ ಕರೆತಂದೆವು. ಭೇಟಿಗೆ ಬರಿಯ ಹತ್ತು ನಿಮಿಷ ಉಳಿದಿದ್ದ ಗಿರಿಜಾಳಿಗೆ ಹಿಂದಿನ ಸೀಟಿನಲ್ಲಿ ಎರಡು ತಾಸು ಸಿಕ್ಕಿತು. ನಾಳೆ ಹುಡುಗರಿಗೆ ಏನು ಹೇಳುತ್ತೀ, ನನಗೆ ಹೇಳು ಎಂದು ಅಕ್ಕೋರು ಕೇಳಿದರು. ಗಿರಿಜಾ ಬುತ್ತಿಯಲ್ಲಿದ್ದ ರೊಟ್ಟಿ ಮುರಿದು ಭಿನ್ನರಾಶಿಯ ಪಾಠ ಹೇಳಿದಳು. ಕೇಳುತ್ತ ಕೇಳುತ್ತ ಅಕ್ಕೋರು ಕಿಟಕಿಯ ಕಡೆ ತಿರುಗಿಕೊಂಡರು. ಆಮೇಲೆ, "ನನಕಿಂತ ಚಲೋ ಹೇಳ್ತೀ ಬೇ" ಎಂದರು. ನನಗೂ ರಸ್ತೆ ಸ್ವಲ್ಪ ಮಂಜಾಯಿತು.

ಮಸರಕಲ್ಲಿನ ಬಳಿ ಚಹಾಕ್ಕೆ ನಿಂತೆವು. ಅಂಗಡಿಯವನು ಹೆಂಗಸರಿಬ್ಬರಿಗೂ ಬೆಂಚು ಒರೆಸಿ ಚಹಾ ಕೊಟ್ಟ. ಕಾರಿನ ಪಕ್ಕ ನಿಂತಿದ್ದ ನನ್ನನ್ನು ತೋರಿಸಿ, "ಡ್ರೈವರ್‌ಗೂ ಒಂದ್ ಕಪ್ ಕೊಡ್ಲೇನ್ರಿ ಯವ್ವಾ?" ಎಂದು ಕೇಳಿದ.

"ಕೊಡ್ರಿ. ಪಾಪ, ಮುಂಜಾನಿಂದ ಗಾಡಿ ಹೊಡ್ಯಾಕತ್ಯಾನ" ಎಂದಳು ಗಿರಿಜಾ, ಮುಖದಲ್ಲಿ ನಗುವಿನ ಸುಳಿವಿಲ್ಲದೆ.

ನಾನು ಕಪ್ಪು ತೆಗೆದುಕೊಂಡು ದೂರ ನಿಂತೇ ಕುಡಿದೆ. ನನ್ನನ್ನು ಡ್ರೈವರ್ ಎಂದು ನಂಬಿದ ಮೊಟ್ಟಮೊದಲ ಮನುಷ್ಯನಿಗೆ ನಿಜ ಹೇಳಲು ಮನಸ್ಸು ಬರಲಿಲ್ಲ.