ಭಾವನವರ ಒಪ್ಪಿಗೆ ಶಾಸ್ತ್ರ

ಮನುಷ್ಯ ಏಕೆ ಹುಟ್ಟುತ್ತಾನೆ ಎಂಬ ಪ್ರಶ್ನೆ ಅನಾದಿಕಾಲದಿಂದಲೂ ಜ್ಞಾನಿಗಳ ನಿದ್ದೆ ಕೆಡಿಸಿದೆ. ನಮ್ಮ ತಿಪಟೂರು ಸೀಮೆಯಲ್ಲಿ ಮಾತ್ರ ಇದರಿಂದ ಯಾರ ನಿದ್ದೆಯೂ ಕೆಟ್ಟಿರಲಿಲ್ಲ. ತೋಟ ಇದ್ದವನಿಗೆ ತೋಟ ನೋಡಿಕೊಳ್ಳಲು ಮಗ ಬೇಕು. ತೋಟ ಇಲ್ಲದವನಿಗೆ, ತೋಟ ಇದ್ದವನ ಮಗಳನ್ನು ತಂದುಕೊಳ್ಳಲು ಮಗ ಬೇಕು. ಆದ್ದರಿಂದ ಮನುಷ್ಯ ಹುಟ್ಟುತ್ತಾನೆ. ಹೀಗೆ ಹಿರಿಯರ ಕಾಲದಲ್ಲೇ ಇತ್ಯರ್ಥವಾಗಿ ಹೋಗಿದ್ದ ವ್ಯಾಜ್ಯವನ್ನು ಎಪ್ಪತ್ತರ ದಶಕದಲ್ಲಿ ಮತ್ತೆ ಕಟಕಟೆಗೆ ತಂದವರು ನಮ್ಮ ಅಕ್ಕನ ಗಂಡ.

ನಮ್ಮ ಭಾವನವರಷ್ಟು ಅಪಾಯಕಾರಿ ಮನುಷ್ಯನನ್ನು ನಾನು ಇದುವರೆಗೂ ಕಂಡಿಲ್ಲ! ನೋಡಿದರೆ ಹಾಗೆ ಅನ್ನಿಸುವುದಿಲ್ಲ. ದಪ್ಪ ಕನ್ನಡಕ, ಹಣೆಯ ಮೇಲೆ ವಿಭೂತಿ, ಇರುವೆ ಸಾಲು ಕಂಡರೆ ನಿಂತು ದಾರಿ ಬಿಡುವ ಸ್ವಭಾವ. ತಿಪಟೂರಿನ ಕಾಲೇಜೊಂದರಲ್ಲಿ ತರ್ಕಶಾಸ್ತ್ರದ ಲೆಕ್ಚರರ್. ಆದರೆ ಇದೇ ಮನುಷ್ಯ, ಜಗತ್ತು ಒಪ್ಪಿಬಿಟ್ಟರೆ ಇನ್ನೊಂದು ತಲೆಮಾರಿನೊಳಗೆ ಮನುಷ್ಯಕುಲವನ್ನೇ ಮುಗಿಸಿಬಿಡಬಹುದಾದ ಒಂದು ಪ್ರಬಂಧವನ್ನು ಬರೆಯುತ್ತಿದ್ದರು. ಜಗತ್ತಿನ ಪುಣ್ಯ, ಅವರ ಅಕ್ಷರ ಯಾರಿಗೂ ಓದಲು ಬರುತ್ತಿರಲಿಲ್ಲ.

ಇದು ಬಯಲಾದದ್ದು ಒಂದು ಗೌರಿಹಬ್ಬದ ದಿನ. ಅಕ್ಕನ ಮದುವೆಯಾಗಿ ಮೂರು ವರ್ಷವಾಗಿತ್ತು. ಅದರ ಹಿಂದಿನ ತಿಂಗಳಷ್ಟೇ ಇಬ್ಬರೂ ಮೈಸೂರಿಗೆ ಹೋಗಿ ಬಂದಿದ್ದರು. ಅಮ್ಮ ಎಲೆಗೆ ಪಾಯಸ ಬಡಿಸುತ್ತಾ, ಮೂರು ವರ್ಷದಿಂದ ಪ್ರತಿ ಹಬ್ಬಕ್ಕೂ ಕೇಳುತ್ತಿದ್ದ ಪ್ರಶ್ನೆಯನ್ನು ಕೇಳಿದಳು.

“ಏನಾದ್ರೂ ವಿಶೇಷ ಐತೇನ್ರೀ ಅಳಿಯಂದ್ರೇ?”

“ಇದೆ ಅತ್ತೆ” ಎಂದರು ಭಾವ.

ಅಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಅಪ್ಪ ಅಗಿಯುವುದನ್ನು ನಿಲ್ಲಿಸಿದರು.

“ಪಿಎಚ್.ಡಿ.ಗೆ ಸೇರಿದೀನಿ.”

ಸೌಟಿನ ಪಾಯಸ ನನ್ನ ಎಲೆಗೆ ಬಿತ್ತು. ಆ ಹಬ್ಬದಲ್ಲಿ ಲಾಭವಾದದ್ದು ನನಗೊಬ್ಬನಿಗೇ!

ವಿಷಯ ಏನೆಂದು ಅಪ್ಪ ಕೇಳಿದರು. ಭಾವನವರು ಪಾಠ ಹೇಳುವ ಧಾಟಿಯಲ್ಲೇ ಹೇಳಿದರು: “ನೋಡಿ ಮಾವ, ಮನೆ ಕೊಳ್ಳೋಕೆ ಒಪ್ಪಿಗೆ ಬೇಕು, ಎಮ್ಮೆ ಮಾರೋಕೆ ಒಪ್ಪಿಗೆ ಬೇಕು. ಒಬ್ಬ ಮನುಷ್ಯನ್ನ ಈ ಪ್ರಪಂಚಕ್ಕೆ ತಂದು ನಿಲ್ಲಿಸೋಕೆ ಮಾತ್ರ ಅವನ ಒಪ್ಪಿಗೆ ಯಾಕೆ ಬೇಡ? ಹೇಳದೆ ಕೇಳದೆ ಹುಟ್ಟಿಸೋದು ನ್ಯಾಯವಾ? ಇದೇ ನನ್ನ ಪ್ರಶ್ನೆ. ಇದು ತೀರ್ಮಾನ ಆಗೋವರೆಗೂ ನಮ್ಮನೇಲಿ ಮಗು ಇಲ್ಲ. ಪ್ರಶ್ನೆ ಮೇಜಿನ ಮೇಲಿಟ್ಟುಕೊಂಡು ಉತ್ತರಾನ ತೊಟ್ಟಿಲಲ್ಲಿ ಮಲಗಿಸಿದ್ರೆ ಪರೀಕ್ಷಕರು ಏನಂದ್ಕೋತಾರೆ?”

ಪರೀಕ್ಷಕರು ಏನಂದುಕೊಳ್ಳುತ್ತಿದ್ದರೋ ತಿಳಿಯದು. ಅಮ್ಮ ಏನಂದುಕೊಂಡಳು ಎಂಬುದು ಒಳಗೆ ಪಾತ್ರೆಗಳ ಸದ್ದಿನಿಂದಲೇ ತಿಳಿಯಿತು. ಅಕ್ಕ ಮಾತ್ರ ತಲೆ ತಗ್ಗಿಸಿಕೊಂಡು, “ನನಗೆ ಬೇಕು ಅಂತಲೇ ಇದೆಯಮ್ಮ. ಇವರು ಕೇಳಬೇಕಲ್ಲ” ಎಂದಳು.

ಅಪ್ಪ ಧೈರ್ಯಗೆಡುವವರಲ್ಲ. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೆರಡು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಎನ್ನಬೇಕು. “ವಿದ್ಯೆನೂ ಹಂಗೇ ಕಣೇ” ಎಂದು ಅಪ್ಪ ಅಮ್ಮನಿಗೆ ಸಮಾಧಾನ ಹೇಳಿದರು. “ಅಟ್ಟಕ್ಕೆ ಹಾಕವ್ರೆ. ಆಗ್ತದೆ ಬುಡು.” ಮುಂದೆ ಭಾವನವರು ಮನೆಗೆ ಬಂದಾಗಲೆಲ್ಲ ಅಪ್ಪ ಅವರ ಮುಖವನ್ನೇ ದಿಟ್ಟಿಸಿ ನೋಡಿ, ಹೊರಗೆ ಬಂದು ನನಗೆ ಗುಟ್ಟಾಗಿ ವರದಿ ಒಪ್ಪಿಸುತ್ತಿದ್ದರು: “ಇನ್ನೂ ಅಲ್ಲಾಡ್ತಿಲ್ಲ ಕಣ್ಲಾ.”

ಸುದ್ದಿ ಊರಿಗೆ ಹಬ್ಬಿತು. ಬೇರೆ ಮನೆಯ ಹೆಣ್ಣುಮಕ್ಕಳಿಗೆ ಎಷ್ಟು ತಿಂಗಳು ಎಂದು ವಿಚಾರಿಸುವ ಹೆಂಗಸರು ನಮ್ಮ ಅಮ್ಮನನ್ನು ಕಂಡರೆ, “ನಿನ್ನ ಅಳಿಯಂಗೆ ಎಷ್ಟನೇ ಅಧ್ಯಾಯವೇ?” ಎಂದು ಕೇಳತೊಡಗಿದರು.

“ಮೂರರಾಗೈತೆ.”

“ಮೂರರಲ್ಲಿ ಜ್ವಾಪಾನ ಕಣಕ್ಕಾ. ಭಾರ ಗೀರ ಎತ್ತಕ್ಕೆ ಬುಡಬ್ಯಾಡ!”

ಇನ್ನು ಒಪ್ಪಿಗೆ ಶಾಸ್ತ್ರದ ಕತೆ. ಅಳಿಯಂದಿರು ಏನು ಓದುತ್ತಿದ್ದಾರೆ ಎಂದು ಯಾರಾದರೂ ಕೇಳಿದರೆ ಅಪ್ಪನಿಗೆ ಆ ಉದ್ದನೆಯ ವಿಷಯ ಬಾಯಿಗೆ ಬರುತ್ತಿರಲಿಲ್ಲ. ಹುಟ್ಟುವವರ ಒಪ್ಪಿಗೆ ತಾನೇ? ಓದುವುದೆಲ್ಲ ಶಾಸ್ತ್ರ ತಾನೇ? ಎರಡನ್ನೂ ಸೇರಿಸಿ ಚಿಕ್ಕದಾಗಿ ‘ಒಪ್ಪಿಗೆ ಶಾಸ್ತ್ರ’ ಎಂದುಬಿಡುತ್ತಿದ್ದರು. ನಮ್ಮಲ್ಲಿ ಒಪ್ಪಿಗೆ ಶಾಸ್ತ್ರವೆಂದರೆ ಗಂಡು ಹೆಣ್ಣಿನ ಕಡೆಯವರು ಎಲೆ ಅಡಿಕೆ ಬದಲಾಯಿಸಿಕೊಂಡು ಮದುವೆ ನಿಶ್ಚಯ ಮಾಡಿಕೊಳ್ಳುವುದು ಎಂಬುದು ಅವರ ಗಮನಕ್ಕೆ ಬಂದಿರಲಿಲ್ಲವೋ, ಬಂದರೂ ಉದಾಸೀನ ಮಾಡಿದರೋ!

ಒಂದು ದಿನ ತಿಪಟೂರಿನ ಸಂತೆಯಲ್ಲಿ ಕಂದಿಕೆರೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಭಾವನವರ ಕ್ಷೇಮ ವಿಚಾರಿಸಿದರು. “ಒಪ್ಪಿಗೆ ಶಾಸ್ತ್ರ ನಡೀತಾ ಐತೆ” ಎಂದರು ಅಪ್ಪ. ವ್ಯಾಪಾರಿ ಬುದ್ಧಿವಂತ, ಲೆಕ್ಕ ಹಾಕಿದರು. ಮದುವೆಯಾಗಿ ವರ್ಷಗಳಾದವು, ಮಕ್ಕಳಿಲ್ಲ, ಈಗ ಒಪ್ಪಿಗೆ ಶಾಸ್ತ್ರ. ಅಂದರೆ ಎರಡನೆಯ ಮದುವೆ! ಅದೂ ಮಾವನೇ ನಿಂತು ಮಾಡಿಸುತ್ತಿದ್ದಾನೆ! ಎಂಥ ದೊಡ್ಡ ಮನಸ್ಸು! ಮುಂದಿನ ಸೋಮವಾರ ಅವರು ತಮ್ಮ ತಂಗಿಯ ಮಗಳ ಜಾತಕ, ಹೂವು, ಹಣ್ಣು, ಎಲೆ ಅಡಿಕೆಯ ತಟ್ಟೆಯೊಂದಿಗೆ ಭಾವನವರ ಮನೆಯ ಜಗಲಿ ಹತ್ತಿದರು. ನಾನು ಅಕ್ಕನಿಗೆ ಎಳನೀರು ಕೊಡಲು ಹೋದವನು ಅಲ್ಲೇ ಇದ್ದೆ.

ಭಾವನ ತಾಯಿ ತಟ್ಟೆ ಕಂಡವರೇ ಚಾಪೆ ಹಾಸಿದರು. ಇದಕ್ಕಾಗಿ ಅವರು ಕಾದಿದ್ದಂತೆ ಕಾಣುತ್ತಿತ್ತು. ಭಾವನವರು ಒಳಗಿನಿಂದ ಬಂದು, ತಟ್ಟೆ ನೋಡಿ, ವಿಷಯ ಕೇಳಿ, ಬಹಳ ಗಂಭೀರವಾಗಿ ಒಂದೇ ಪ್ರಶ್ನೆ ಹಾಕಿದರು.

“ಹುಡುಗಿ ಒಪ್ಪಿಗೆ ಕೇಳಿದ್ರಾ?”

“ಹುಡುಗಿನ ಯಾರಾದ್ರೂ ಕೇಳ್ತಾರಾ ಸ್ವಾಮಿ?” ಎಂದು ವ್ಯಾಪಾರಿ ನಕ್ಕರು.

“ಹಾಗಾದರೆ ಕೂತ್ಕೊಳ್ಳಿ. ನನ್ನ ಎರಡನೇ ಅಧ್ಯಾಯ ಅದರ ಮೇಲೇ ಇದೆ.”

ಓದಿದರು. ಎರಡನೆಯದು ಮುಗಿಸಿ ಮೂರನೆಯದಕ್ಕೆ ಕೈ ಹಾಕಿದರು. ಮಕ್ಕಳನ್ನು ಹುಟ್ಟಿಸುವುದು ಏಕೆ ಅಪರಾಧವಾಗಬಹುದು ಎಂಬಲ್ಲಿಗೆ ಬರುವಷ್ಟರಲ್ಲಿ ವ್ಯಾಪಾರಿ ತಟ್ಟೆ ಎತ್ತಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು. “ಕಾಯಿ ಬಿಡಲ್ಲ ಅಂತ ತಾನೇ ಹೇಳೋ ಮರಕ್ಕೆ ಯಾರಾದ್ರೂ ನೀರು ಕಟ್ತಾರೇನಮ್ಮ?” ಎಂದು ಭಾವನ ತಾಯಿಗೇ ಬೈದು ಹೋದರು. ಈ ಮಾತು ಕಂದಿಕೆರೆಯಿಂದ ಹಂದನಕೆರೆಗೆ, ಅಲ್ಲಿಂದ ಇಡೀ ತಾಲ್ಲೂಕಿಗೆ ಹರಡಿತು. ಆಮೇಲೆ ಆ ಜಗಲಿಗೆ ಯಾವ ತಟ್ಟೆಯೂ ಬರಲಿಲ್ಲ. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತು ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಭಾವನವರ ಕೀರ್ತಿ ಸರ್ಕಾರದ ಕಿವಿಗೂ ಮುಟ್ಟಿತು. ಆಗ ಗೋಡೆ ಗೋಡೆಯ ಮೇಲೂ ಕುಟುಂಬ ಯೋಜನೆಯ ಕೆಂಪು ತ್ರಿಕೋನವಿದ್ದ ಕಾಲ. ಮಕ್ಕಳು ಬೇಡವೆನ್ನುವ ವಿದ್ವಾಂಸನೊಬ್ಬ ಹತ್ತಿರದಲ್ಲೇ ಇದ್ದಾನೆಂದರೆ ಬಿಡುತ್ತಾರೆಯೇ? ಮಾಯಸಂದ್ರದಲ್ಲಿ ಸಭೆ ಇಟ್ಟು ಹಾರ ಹಾಕಿ ಮೈಕಿನ ಮುಂದೆ ನಿಲ್ಲಿಸಿದರು. ಅಧಿಕಾರಿ “ಎರಡು ಸಾಕು” ಎಂದು ಹೇಳಿ ಕುಳಿತರು. ಭಾವನವರು ಎದ್ದು, “ಎರಡಾದರೂ ಯಾಕೆ? ಆ ಎರಡರಲ್ಲಿ ಒಂದನ್ನಾದರೂ ನೀವು ಕೇಳಿದ್ದೀರಾ?” ಎಂದು ಶುರು ಮಾಡಿದರು.

ಮುಂದಿನ ಸಾಲಿನಲ್ಲಿದ್ದ ರೈತನೊಬ್ಬ ಎದ್ದು ನಿಂತ. “ಸ್ವಾಮೀ, ನಮ್ಮ ಹೈದ ಎಮ್ಮೆ ಮೇಯಿಸೋಕೇ ಒಪ್ಪಲ್ಲ. ಹುಟ್ಟೋಕೆ ಒಪ್ತಿದ್ನಾ?”

“ಅದನ್ನೇ ನಾನೂ ಹೇಳೋದು!” ಎಂದರು ಭಾವ ಸಂತೋಷದಿಂದ.

ಸಭೆ ಬಿದ್ದು ಬಿದ್ದು ನಕ್ಕಿತು. ಅಧಿಕಾರಿ ಮಾತ್ರ ಭಾವನವರ ಅಂಗಿ ಜಗ್ಗಿ ಪಿಸುಗುಟ್ಟಿದರು: “ಸಾರ್, ಸರ್ಕಾರಕ್ಕೆ ಎರಡು ಬೇಕೇ ಬೇಕು ಸಾರ್. ನೀವು ಅದನ್ನೂ ಕಿತ್ಕೋಬೇಡಿ!”

ಕೊನೆಗೆ ಭಾವನ ತಾಯಿ ಮಗನನ್ನು ಮಠಕ್ಕೆ ಎಳೆದುಕೊಂಡು ಹೋದರು. ಸ್ವಾಮಿಗಳ ಕಾಲಿಗೆ ಬಿದ್ದು, “ಬುದ್ಧೀ, ಇವನಿಗೆ ನಾಕು ಮಾತು ಹೇಳಿ. ಮಕ್ಕಳು ಬ್ಯಾಡ ಅಂತಾನೆ” ಎಂದು ಅತ್ತರು.

ಭಾವನವರು ಕೈ ಮುಗಿದೇ ಕೇಳಿದರು: “ಬುದ್ಧಿಯವರು ಮಕ್ಕಳು ಬೇಡ ಅಂದದ್ದಕ್ಕೆ ಊರೆಲ್ಲ ಕಾಲಿಗೆ ಬೀಳುತ್ತೆ. ನಾನು ಅದನ್ನೇ ಅಂದರೆ ಕಿವಿ ಹಿಂಡಿಸೋಕೆ ಕರ್ಕೊಂಡು ಬರ್ತಾರೆ. ಇದು ಯಾವ ನ್ಯಾಯ?”

ಸ್ವಾಮಿಗಳು ಗಡ್ಡ ಅಲುಗಾಡುವಂತೆ ನಕ್ಕರು. “ಏಳವ್ವಾ ತಾಯಿ. ನಿನ್ನ ಮಗನಿಗೆ ಬುದ್ಧಿ ಹೇಳೋಕೆ ಯಾರಾದ್ರೂ ಸಂಸಾರಸ್ಥರನ್ನ ಹುಡುಕು. ನಾವು ಅವನ ಪಕ್ಷದೋರು!”

ವರ್ಷಗಳು ಉರುಳಿದವು. ಪ್ರಬಂಧ ಮುಗಿಯಲಿಲ್ಲ. ಮೊದಲ ಮಾರ್ಗದರ್ಶಕರು ನಿವೃತ್ತರಾದರು. ಎರಡನೆಯವರು ಬೇಸತ್ತು ದೆಹಲಿಗೆ ವರ್ಗ ಮಾಡಿಸಿಕೊಂಡರು. ಭಾವನವರು ಅವಧಿ ಮುಗಿದಾಗಲೆಲ್ಲ ಮತ್ತೆ ಹೆಸರು ನೋಂದಾಯಿಸುತ್ತಿದ್ದರು. ಅವರ ಕೈಕೆಳಗೆ ಓದಿದ ಹುಡುಗರು ಡಾಕ್ಟರೇಟು ಪಡೆದು, ಅದೇ ಕಾಲೇಜಿಗೆ ಬಂದು, ಅವರಿಗಿಂತ ಮೇಲಿನ ಕುರ್ಚಿಯಲ್ಲಿ ಕುಳಿತರು. ಪ್ರಿನ್ಸಿಪಾಲರು, “ಹುಟ್ಟಿಸೋದು ಸರಿ ಅಂತಾದ್ರೂ ಬರೀರಿ, ತಪ್ಪು ಅಂತಾದ್ರೂ ಬರೀರಿ. ಒಟ್ಟು ಬರೆದು ಮುಗಿಸ್ರೀ!” ಎಂದು ಕೈ ಮುಗಿದರಂತೆ.

ಬೈಗುಳಕ್ಕೇನೂ ಬರವಿರಲಿಲ್ಲ. ಹುಚ್ಚ ಎಂದರು, ಓದಿ ಕೆಟ್ಟವನು ಎಂದರು. ಅಮ್ಮನಂತೂ ಅಳಿಯನ ಪುಸ್ತಕಗಳಿಗೆ ಗೆದ್ದಲು ಹಿಡಿಯಲಿ ಎಂದು ಹರಕೆಯನ್ನೇ ಹೊತ್ತಳು. ಅಕ್ಕನನ್ನು ಮಾತ್ರ ಯಾರೂ ಒಂದು ಮಾತು ಆಡಲಿಲ್ಲ. ಮಕ್ಕಳಿಲ್ಲದವಳನ್ನು ನಾಮಕರಣಕ್ಕೆ ಕರೆಯಲು ಹಿಂದೆ ಮುಂದೆ ನೋಡುವ ನಮ್ಮ ಜನ, ತೊಟ್ಟಿಲು ತೂಗಲು ಅವಳನ್ನೇ ಮೊದಲು ಕರೆಯುತ್ತಿದ್ದರು. “ಪಾಪ, ಅವಳದೇನು ತಪ್ಪು? ಗಂಡನ ಹುಚ್ಚು” ಎನ್ನುತ್ತಿದ್ದರು.

ಅಕ್ಕನಿಗೆ ನಲವತ್ತು ಹತ್ತಿರ ಬಂದಾಗ ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಭಾವನವರು ಕಾಲೇಜಿನಲ್ಲಿದ್ದಾಗ ಹೋಗಿ ಕೇಳಿಯೇಬಿಟ್ಟೆ. “ಇವತ್ತು ನಾನೇ ಭಾವನ ಹತ್ರ ಮಾತಾಡ್ತೀನಿ. ಆ ಹಾಳು ಪ್ರಬಂಧಕ್ಕೋಸ್ಕರ ನಿನ್ನ ಆಸೆ ಸಾಯಬೇಕಾ ಅಕ್ಕ?”

ಅಕ್ಕ ಕಾಯಿ ತುರಿಯುತ್ತಿದ್ದಳು. ತುರಿಮಣೆ ಬಿಟ್ಟು ಏಳಲಿಲ್ಲ.

“ಅವರನ್ನ ಏನೂ ಅನ್ಬೇಡ ಕಣೋ. ಮೈಸೂರಿಗೆ ಹೋಗಿದ್ವಲ್ಲ ಆವಾಗ, ಆಸ್ಪತ್ರೆಗೆ ಹೋಗಿದ್ದು. ನನಗೆ ಮಕ್ಕಳಾಗಲ್ಲ ಅಂತ ಡಾಕ್ಟರಮ್ಮ ಹೇಳಿಬಿಟ್ಟರು. ಬಸ್ಸಿನಲ್ಲಿ ಬರ್ತಾ ನಾನು ಅಳ್ತಾನೇ ಇದ್ದೆ. ಇನ್ನೊಂದು ಮದುವೆ ಮಾಡ್ಕೊಳ್ಳಿ ಅಂತ ನಾನೇ ಅಂದೆ. ಇವರು ಮಾಯಸಂದ್ರದಲ್ಲಿ ಬಸ್ಸು ನಿಂತಾಗ ಇಳಿದುಹೋಗಿ ಬಾಳೆಹಣ್ಣು ತಂದು ಕೈಗೆ ಕೊಟ್ಟು, ‘ಇವತ್ತಿಂದ ಮಕ್ಕಳು ಬೇಡ ಅಂತ ನಾನು ಹೇಳ್ತೀನಿ. ನೀನು ಬೇಕು ಅಂತಿರು. ಬೈಯೋರು ನನ್ನ ಬೈಕೊಳ್ಳಲಿ’ ಅಂದರು. ಆಮೇಲೆ ಹೋಗಿ ಸೇರಿದ್ದು ಈ ಪಿಎಚ್.ಡಿ.ಗೆ.”

ನಾನು ತುರಿಮಣೆಯ ಎದುರು ನೆಲದ ಮೇಲೇ ಕುಳಿತುಬಿಟ್ಟೆ.

“ಬರೆದು ಮುಗಿಸಿ ಎಷ್ಟೋ ವರ್ಷ ಆಯ್ತು” ಎಂದಳು ಅಕ್ಕ. “ಕೊಟ್ಟುಬಿಟ್ಟರೆ, ಮುಗೀತಲ್ಲ, ಇನ್ನೇನು ಅಡ್ಡಿ ಅಂತ ಜನ ನನ್ನ ಕೇಳ್ತಾರಲ್ಲ. ಅದಕ್ಕೇ ಕೊಡಲ್ಲ ಅಂತಾರೆ. ಅಮ್ಮ, ಅತ್ತೆ ಇರೋವರೆಗೂ ನೀನು ಬಾಯಿ ಬಿಡಬೇಡ.”

ಅಷ್ಟರಲ್ಲಿ ಭಾವನವರು ಛತ್ರಿ ಮಡಿಸುತ್ತಾ ಒಳಗೆ ಬಂದರು. ನನ್ನ ಮುಖ ನೋಡಿ, “ಏನಯ್ಯಾ, ಜಗಳಕ್ಕೆ ಬಂದ ಹಾಗಿದೆ?” ಎಂದರು.

“ಇಲ್ಲ ಭಾವ” ಎಂದೆ. “ಪ್ರಬಂಧ ನಿಧಾನವಾಗಿ ಬರೀರಿ. ಅವಸರ ಏನೂ ಇಲ್ಲ ಅಂತ ಹೇಳಿ ಹೋಗೋಣ ಅಂತ ಬಂದೆ.”

ಅವರು ಅಕ್ಕನ ಕಡೆ ಒಮ್ಮೆ ನೋಡಿದರು. ಆಮೇಲೆ ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು.

ಪ್ರಬಂಧ ಸಲ್ಲಿಕೆಯಾಗಲಿಲ್ಲ. ಭಾವನವರು ಲೆಕ್ಚರರ್ ಆಗಿಯೇ ನಿವೃತ್ತರಾದರು.