ಕಂಡಕ್ಟರು ಕಟ್ಟಿದ ಜಿಗ್ಗುಗಳು

ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಟಿಕೆಟ್ ಹರಿಯುವ ಮನುಷ್ಯ ನಿಂತ ಬಸ್ಸಿನಿಂದ ಬಿದ್ದು ಕಾಲು ಮುರಿದುಕೊಂಡ ಎಂದರೆ ಕೇಳಿದವರು ನಗದೆ ಇನ್ನೇನು ಮಾಡಿಯಾರು? ಕಂಡಕ್ಟರಿಗೆ ಆದದ್ದು ಅದೇ. ಕೊನೆಯ ಸ್ಟಾಪು. ಇಂಜಿನ್ ಆಫ್ ಆಗಿತ್ತು. ಪ್ರಯಾಣಿಕರೆಲ್ಲ ಇಳಿದು ಮನೆ ಸೇರಿದ್ದರು, ಡ್ರೈವರು ಟೀ ಕುಡಿಯಲು ಹೋಗಿದ್ದ. ಬಸ್ಸು ಕದಲಲಿಲ್ಲ. ಇವನು ಬಿದ್ದ.

ಪಕ್ಕದ ಊರಿನ ಡಿಪೋದವರಿಗೆ ಅವನು ಬೇರೆ ಕಥೆ ಹೇಳಿದ್ದ. ಜಾರುತ್ತಿದ್ದ ಮುದುಕಿಯೊಬ್ಬಳನ್ನು ಉಳಿಸಲು ಹಾರಿದೆ ಅಂತ. (ಮುದುಕಿ ಎಲ್ಲಿಂದ ಬಂದಳು ಎಂದು ಯಾರೂ ಕೇಳಲಿಲ್ಲ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವನನ್ನು ಯಾರು ತಾನೇ ಪಾಟೀಸವಾಲು ಮಾಡುತ್ತಾರೆ?) ನಿಜ ಹೇಳಿದ್ದು ಹೆಂಡತಿಗೆ ಮಾತ್ರ. ಹೆಂಡತಿ ಹೇಳಿದ್ದು ತನ್ನ ತಮ್ಮನಿಗೆ ಮಾತ್ರ. ತಮ್ಮ ಹೇಳಿದ್ದು ಮಾತ್ರ ಇಡೀ ಊರಿಗೆ. ಅವನು ಕಸುಬಿನಲ್ಲಿ ಎಲೆಕ್ಟ್ರಿಷಿಯನ್, ಭಾನುವಾರಗಳಂದು ಕೆರೆಯಲ್ಲಿ ಗಾಳ ಹಾಕುವವನು, ಉಳಿದಂತೆ ಎಲ್ಲರ ಬಾಯಲ್ಲೂ ‘ರೇಡಿಯೋ’. ಯಾರ ಮನೆಗೆ ಫ್ಯೂಸ್ ಹಾಕಲು ಹೋದರೂ ಭಾವ ಬಿದ್ದ ಕಥೆ ಹಾಕಿಯೇ ಬರುತ್ತಿದ್ದ.

ಇತ್ತ ಮನೆಯಲ್ಲಿ ಕಂಡಕ್ಟರಿಗೆ ಕೂತಲ್ಲಿ ಕೂರಲಾಗದು. ಹೆಂಡತಿ ಟೈಲರಮ್ಮ, ಮುಂದಿನ ಕೋಣೆಯೇ ಅವಳ ಅಂಗಡಿ. ಊರುಗೋಲು ಟಕ್ ಟಕ್ ಅನ್ನಿಸುತ್ತಾ ಇವನು ಅಲ್ಲಿಗೇ ಬರುವನು. ಅಳತೆ ಕೊಡಲು ಬಂದ ಹೆಂಗಸರಿಗೆ, “ಮುಂದೆ ಹೋಗಿ, ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ” ಎನ್ನುವನು. ಒಬ್ಬರ ಅಳತೆ ಮುಗಿದರೆ ಬಾಯಲ್ಲೇ ಸೀಟಿ ಹೊಡೆದು “ರೈಟ್!” ಎನ್ನುವನು. ಟೈಲರಮ್ಮ ಕತ್ತರಿಯನ್ನು ಟೇಬಲ್ಲಿನ ಮೇಲೆ ಕುಕ್ಕಿದಳು.

“ರೀ, ನಿಮ್ಮ ಕಾಲಿಗೆ ಹಾಕಿದ ಪ್ಲಾಸ್ಟರನ್ನ ಬಾಯಿಗೆ ಹಾಕಿದ್ರೆ ಆ ಡಾಕ್ಟರ ಗಂಟೇನು ಹೋಗ್ತಿತ್ತು?”

“ನಾನೇನು ಮಾಡಿದೆ? ಶಿಸ್ತು ತರ್ತಾ ಇದೀನಿ.”

“ನಿಮ್ಮ ಶಿಸ್ತಿಗೆ ಹೆದರಿ ಎದುರುಮನೆ ಟೀಚರಮ್ಮ ಕೊಟ್ಟ ಬಟ್ಟೆ ವಾಪಸ್ ತಗೊಂಡು ಹೋದ್ರು!”

ಆ ಸಂಜೆಯೇ ರೇಡಿಯೋ ಒಂದು ತಗಡಿನ ಡಬ್ಬಿ ಹಿಡಿದುಕೊಂಡು ಬಂದ. ಒಳಗೆ ಸೀಸದ ಗುಂಡು ಹೊತ್ತ ಗಾಳದ ಕೊಕ್ಕೆಗಳು, ದಾರದ ಉಂಡೆ, ಕೊಕ್ಕೆ ಹಿಡಿದಿಡಲು ಮೇಜಿನ ಅಂಚಿಗೆ ಸಿಕ್ಕಿಸುವ ಪುಟ್ಟ ಇಕ್ಕಳ.

“ಭಾವಾ, ಜಿಗ್ ಕಟ್ಟೋದು ಕಲೀರಿ. ಕೊಕ್ಕೆಗೆ ಗರಿಯೋ ಕೂದಲೋ ಬಾಲದ ಥರ ಇಟ್ಟು ದಾರ ಬಿಗಿಯಾಗಿ ಸುತ್ತೋದು. ಕೊನೆಗೆ ಗಂಟಿನ ಮೇಲೆ ಒಂದು ತೊಟ್ಟು ನೇಲ್ ಪಾಲಿಶ್. ನೀರಲ್ಲಿ ಕುಣಿಸಿದ್ರೆ ದೊಡ್ಡ ಮೀನು ಇದನ್ನ ಚಿಕ್ಕ ಮೀನು ಅಂದ್ಕೊಂಡು ನುಂಗುತ್ತೆ.”

“ಇಷ್ಟೇನಾ? ಮಕ್ಕಳಾಟ.”

“ಹಾಗಾದ್ರೆ ಕೇಳಿ. ನೀವೇ ಕಟ್ಟಿದ ಜಿಗ್ಗಿಗೆ ಒಂದೇ ಒಂದು ಮೀನು ಬೀಳಲಿ, ಆ ಬಸ್ಸಿನ ಕಥೆ ಮತ್ತೆ ಈ ಬಾಯಿಂದ ಬರಲ್ಲ. ಅಕ್ಕನ ಮೇಲಾಣೆ.”

“ಬೀಳದಿದ್ರೆ?”

“ಬರೋ ತಿಂಗಳು ನಿಮ್ಮ ಡಿಪೋದಲ್ಲೇ ವೈರಿಂಗ್ ಕೆಲಸ ಹಿಡಿದಿದೀನಿ, ಭಾವಾ.”

ಕಂಡಕ್ಟರು ಡಬ್ಬಿಯನ್ನು ತನ್ನತ್ತ ಎಳೆದುಕೊಂಡ. ಡಿಪೋದಲ್ಲಿ ಮುದುಕಿಯ ಪ್ರಾಣ ಉಳಿಸಿದ ಮಹಾಪುರುಷ ಅವನು. ಅಲ್ಲಿ ಈ ರೇಡಿಯೋ ಹಾಡಿದರೆ ಗತಿಯೇನು?

ಅಂದಿನಿಂದ ಕಿಟಕಿ ಪಕ್ಕದ ಮೇಜಿನಲ್ಲಿ ಘನಘೋರ ತಪಸ್ಸು ಶುರುವಾಯಿತು. ಹಗ್ಗ ಜಗ್ಗಿ ಗಂಟೆ ಬಾರಿಸಿ ಪಳಗಿದ ಕೈ. ದಾರ ಸುತ್ತಿದಷ್ಟು ಸಲವೂ ಪಟ್ಟೆಂದು ಕಡಿಯುತ್ತಿತ್ತು. ಮೊದಲ ಜಿಗ್ಗು ನೀರಿಗೆ ಬಿದ್ದ ಜಿರಳೆಯಂತಿತ್ತು. ಎರಡನೆಯದನ್ನು ಅವನು ಬೆರಳಿಗೇ ಸೇರಿಸಿ ಕಟ್ಟಿಬಿಟ್ಟಿದ್ದ. ಅವನು ಏಳುವನು, ಕುಂಟುವನು, ಕಿಟಕಿ ತೆರೆಯುವನು, ಮುಚ್ಚುವನು, ಮತ್ತೆ ಕೂರುವನು. ಧೂಳು ಹೊಡೆಯುವ ಗರಿಪೊರಕೆ ದಿನದಿನಕ್ಕೂ ಬೋಳಾಗುತ್ತಾ ಬಂತು. ಪಕ್ಕದ ಮನೆಯ ನಾಯಿ ಅವನ ಕೈಯಲ್ಲಿ ಕತ್ತರಿ ಕಂಡರೆ ಬಾಲ ಮಡಚಿಕೊಂಡು ಓಡತೊಡಗಿತು.

ಆದರೂ ವಾರ ಕಳೆಯುವಷ್ಟರಲ್ಲಿ ಕೈ ಕುದುರಿತು. ಕುದುರಿದ ಮೇಲೆ ಸುಮ್ಮನಿರುವ ಜನ್ಮವೇ ಅದು? ಒಂದು ತೊಟ್ಟು ಪಾಲಿಶ್ ಎಂದಿದ್ದನಲ್ಲ ರೇಡಿಯೋ, ಅದು ಜಿಪುಣರ ಲೆಕ್ಕ ಎನಿಸಿತು. ಹೆಂಡತಿಯ ಕೆಂಪು ಪಾಲಿಶ್ ಬಾಟಲಿಯಲ್ಲಿ ಜಿಗ್ಗಿನ ತಲೆಯನ್ನೇ ಮುಳುಗಿಸಿ ತೆಗೆದ. ತಲೆ ಮಾಣಿಕ್ಯದಂತೆ ಹೊಳೆಯಿತು. ಸರಿ, ಎಲ್ಲವನ್ನೂ ಮುಳುಗಿಸಿದ. ಟೈಲರಮ್ಮ ಒಮ್ಮೆ ಬಂದು ಒಂದನ್ನು ಬೆಳಕಿಗೆ ಹಿಡಿದು ನೋಡಿದಳು, ಅವನ ಮುಖವನ್ನೂ ನೋಡಿದಳು.

“ಹೇಗಿದೆ?”

“ತುಂಬಾ ಚೆನ್ನಾಗಿದೆ ರೀ. ಇನ್ನಷ್ಟು ಕಟ್ಟಿ.”

ಹೆಂಡತಿ ಹೊಗಳಿದ್ದು ಮದುವೆಯಾದ ಮೇಲೆ ಅದೇ ಮೊದಲೇನೋ! ಅವನು ಊಟ ಮರೆತು ಕಟ್ಟಿದ.

ಭಾನುವಾರ ಕೆರೆಯ ದಂಡೆಯಲ್ಲಿ ಮೂವರೂ ಸೇರಿದರು. ಕಂಡಕ್ಟರು ಊರುಗೋಲು ಬದಿಗಿಟ್ಟು, ಒಡವೆ ಪೆಟ್ಟಿಗೆ ತೆರೆಯುವ ಗತ್ತಿನಲ್ಲಿ ಡಬ್ಬಿ ತೆರೆದ. ರೇಡಿಯೋ ಕೂಡ “ಅಬ್ಬಾ!” ಎಂದ. ಆಮೇಲೆ ಒಂದು ಜಿಗ್ಗನ್ನು ಎತ್ತಿಕೊಂಡು ತಿರುಗಿಸಿದ, ಮಗುಚಿದ, ಕಣ್ಣ ಹತ್ತಿರ ತಂದ.

“ಭಾವಾ… ಗಾಳದ ದಾರ ಎಲ್ಲಿ ಪೋಣಿಸೋದು?”

“ಎಲ್ಲಿ ಅಂದ್ರೆ? ತಲೆ ಮೇಲೆ ತೂತು ಇರುತ್ತಲ್ಲೋ.”

“ಇತ್ತು.”

ಪಾಲಿಶ್ ಒಣಗಿ ತೂತು ಕಲ್ಲಿನಂತೆ ಮುಚ್ಚಿತ್ತು. ಎರಡನೆಯದರಲ್ಲೂ ಹಾಗೆಯೇ, ಮೂರನೆಯದರಲ್ಲೂ ಹಾಗೆಯೇ. ಒಂದಕ್ಕೂ ದಾರ ಏರದು. ರೇಡಿಯೋ ಹುಲ್ಲಿನ ಮೇಲೆ ಬಿದ್ದು ಹೊರಳಾಡಿ ನಕ್ಕ. ಕಂಡಕ್ಟರಿಗೆ ಕೆರೆಗೆ ಹಾರಿಬಿಡೋಣ ಎನಿಸಿತು. ಪ್ಲಾಸ್ಟರ್ ನೆನೆಯುತ್ತದೆಂದು ಸುಮ್ಮನಾದ. ಅವನಿಗೆ ನಿಜಕ್ಕೂ ಅಳು ಬರುವಂತಾಗಿತ್ತು.

ಟೈಲರಮ್ಮ ಸೆರಗಿಗೆ ಚುಚ್ಚಿಕೊಂಡಿದ್ದ ದಪ್ಪ ಸೂಜಿ ತೆಗೆದಳು. ಒಂದು ಜಿಗ್ಗಿನ ತೂತಿಗೆ ಚುಚ್ಚಿ, ಕೆರೆದು, ಊದಿ, ಗಂಡನ ಕೈಗಿತ್ತಳು. ಅವನು ದಾರ ಕಟ್ಟಿ ಎಸೆದ. ಕೂರಲಾರದೆ ಏಳಲಾರದೆ ಚಡಪಡಿಸುವ ಅವನ ಕೈಯಲ್ಲಿ ಗಾಳದ ಕೋಲು ತಾನಾಗಿಯೇ ನಡುಗುತ್ತಿತ್ತು. ನೀರಲ್ಲಿ ಜಿಗ್ಗು ಎಡೆಬಿಡದೆ ಕುಣಿಯಿತು. ಒಮ್ಮೆಗೇ ಜಗ್ಗಿತು. ಎಳೆದರೆ ಬೆರಳುದ್ದದ ಮೀನು! ಹೆಬ್ಬೆರಳಲ್ಲ, ಕಿರುಬೆರಳು.

“ಮೀನು ಮೀನೇ!” ಕಂಡಕ್ಟರು ಕೂಗಿದ. “ಅಕ್ಕನ ಮೇಲೆ ಆಣೆ ಇಟ್ಟಿದೀಯ, ನೆನಪಿರಲಿ!”

“ಆಣೆ ಅಂದ್ರೆ ಆಣೆ, ಭಾವಾ,” ರೇಡಿಯೋ ಕಣ್ಣೊರೆಸಿಕೊಂಡ. “ನಿಂತ ಬಸ್ಸಿನ ಕಥೆ ಇವತ್ತಿಗೆ ಮುಗೀತು. ಇಂಥ ಜಿಗ್ಗಿನ ಕಥೆ ಸಿಕ್ಕಿದ ಮೇಲೆ ಆ ಹಳೇದು ಯಾರಿಗೆ ಬೇಕು? ಡಿಪೋದಲ್ಲಿ ಇದನ್ನೇ ಹೇಳ್ತೀನಿ.”

ಮನೆಗೆ ಬಂದ ಮೇಲೂ ಕಂಡಕ್ಟರು ಕೋಣೆಯಿಂದ ಕೋಣೆಗೆ ಕುಂಟುತ್ತಲೇ ಇದ್ದ. ಕೊನೆಗೆ ಹೊಲಿಗೆ ಯಂತ್ರದ ಮುಂದೆ ಬಂದು ನಿಂತ.

“ನಿಜ ಹೇಳು. ಆ ತೂತು ಮುಚ್ಚಿದ್ದು ನಿಂಗೆ ಯಾವಾಗ ಗೊತ್ತಾಯ್ತು?”

“ಬೆಳಕಿಗೆ ಹಿಡಿದು ನೋಡಿದೆನಲ್ಲ, ಆವತ್ತೇ. ಜೀವನವೆಲ್ಲ ಸೂಜಿಗೆ ದಾರ ಪೋಣಿಸಿದವಳು ನಾನು.”

“ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?”

“ಹೇಳಬಹುದಿತ್ತು. ಆದ್ರೆ ನೀವು ಒಂದೇ ಕಡೆ ಕೂತಿದ್ರಿ ರೀ. ಟೀಚರಮ್ಮ ಬಟ್ಟೆ ವಾಪಸ್ ತಂದ್ಕೊಟ್ರು.”

ಕಂಡಕ್ಟರಿಗೆ ಇನ್ನೊಂದು ಅನುಮಾನ ಬಂತು. “ಆ ಡಬ್ಬಿ ನಿನ್ನ ತಮ್ಮನ ಕೈಯಲ್ಲಿ ತರಿಸಿದ್ದು…”

ಯಂತ್ರ ಜೋರಾಗಿ ಓಡಿತು. ಮಿಕ್ಕ ಮಾತು ಅದರ ಸದ್ದಿನಲ್ಲಿ ಅವನಿಗೇ ಕೇಳಿಸಲಿಲ್ಲ. ಅಂಚು ಮುಗಿದ ಮೇಲೆ ಟೈಲರಮ್ಮ ಯಂತ್ರ ನಿಲ್ಲಿಸಿ, ದಪ್ಪ ಸೂಜಿಯನ್ನೂ ಜಿಗ್ಗಿನ ಡಬ್ಬಿಯನ್ನೂ ಅವನ ಕೈಗಿಟ್ಟಳು.

“ಪ್ಲಾಸ್ಟರ್ ಬಿಚ್ಚೋಕೆ ಇನ್ನೂ ದಿನ ಇದೆ. ಉಳಿದವಕ್ಕೆಲ್ಲ ನಿಧಾನವಾಗಿ ತೂತು ತೆಗೀರಿ. ಅವಸರ ಏನಿಲ್ಲ.”

ಅವನು ಸಿಟ್ಟಿನಿಂದ ಸೂಜಿ ಕಿತ್ತುಕೊಂಡ.   ಹೋಗಿ ಕಿಟಕಿ ಪಕ್ಕದ ಮೇಜಿನಲ್ಲಿ ಕೂತ.