ಡಾಮಿನೋ ಮೇಜಿನಲ್ಲಿ ಮಾತ್ರೆಯ ಆಕಳಿಕೆ ಕುರಿತು

ಸಂಖ್ಯೆ: ಇಲಾಖೆ/ಡಾಮಿನೋ/ಆಕಳಿಕೆ/2 (ಪರಿಷ್ಕೃತ)
ಸ್ಥಳ: ದಕ್ಷಿಣ ಶಾಖೆ, ಬಾದಾಮಿ ಮರದ ಅಂಗಳ

ಎಲ್ಲ ವಿಭಾಗಗಳ ನೌಕರರಿಗೆ, ಹಾಗೂ ಕೆಲಸವಿಲ್ಲದಿದ್ದರೂ ಅಂಗಳದಲ್ಲಿ ನಿಂತು ಆಟ ನೋಡುವ ಸಾರ್ವಜನಿಕರಿಗೆ

ವಿಷಯ: ಮನಸ್ಸಿನ ಕುಗ್ಗುವಿಕೆಗೆ ವೈದ್ಯರು ಕೊಟ್ಟ ಮಾತ್ರೆ ಸೇವಿಸುತ್ತಿರುವ ನೌಕರರು ಡಾಮಿನೋ ಪಂದ್ಯದ ವೇಳೆ ಆಕಳಿಸುವುದು, ಬೆವರುವುದು, ನೀರು ಕುಡಿಯುವುದು ಹಾಗೂ ಇತರೆ ಅನುಮಾನಾಸ್ಪದ ಚಟುವಟಿಕೆಗಳ ಬಗ್ಗೆ.

ಉಲ್ಲೇಖ: (1) ಲೆಕ್ಕಪತ್ರ ವಿಭಾಗದ ತಂಡದ ನಾಯಕ ದೋನ್ ಅರಿಸ್ತಿದೆಸ್ ಪುಹೋಲ್ಸ್ ಅವರ ದೂರು.
(2) ಸದರಿ ದೂರಿನ ಮೇಲೆ ಕಾಫಿ ಚೆಲ್ಲಿದ ಬಗ್ಗೆ ಅವರದೇ ಎರಡನೇ ದೂರು.
(3) ವಿಚಾರಣೆಯಲ್ಲಿ ದಾಖಲಾದ ಹೇಳಿಕೆಗಳು.
(4) ಕಾಯಿ ಬಡಿಯುವ ಸದ್ದಿನ ನಿಯಂತ್ರಣ ಕುರಿತ ಹಿಂದಿನ ಸುತ್ತೋಲೆ (ಇದುವರೆಗೆ ಯಾರೂ ಪಾಲಿಸಿರುವುದಿಲ್ಲ).

ಪ್ರಸ್ತಾವನೆ

ನಮ್ಮ ನೀರು ಸರಬರಾಜು ಇಲಾಖೆಯ ವಾರ್ಷಿಕ ಡಾಮಿನೋ ಪಂದ್ಯಾವಳಿಯಲ್ಲಿ ನೀರು ಬಿಡುವ ವಿಭಾಗದ ಶ್ರೀ ರಾದಾಮೆಸ್ ತೆಹೇದಾ ಹಾಗೂ ಅವರ ಜೊತೆಗಾರ ಶ್ರೀ ತೆಲೆಸ್ಫೋರೋ ಸೋತೋ ಅವರು ಅಂತಿಮ ಸುತ್ತಿಗೆ ಬಂದಿರುತ್ತಾರೆ. ಬರುವ ಶನಿವಾರ ಅವರು ಲೆಕ್ಕಪತ್ರ ವಿಭಾಗವನ್ನು ಎದುರಿಸಬೇಕಾಗಿದೆ. ಈ ಆಟದಲ್ಲಿ ಜೊತೆಗಾರರು ಎದುರುಬದುರು ಕೂರತಕ್ಕದ್ದು. ತನ್ನ ಕೈಯಲ್ಲಿರುವ ಕಾಯಿಯ ಮೇಲೆ ಎಷ್ಟು ಚುಕ್ಕಿ ಇವೆಯೆಂದು ಜೊತೆಗಾರನಿಗೆ ತಿಳಿಯುವಂತೆ ಕೆಮ್ಮುವುದು, ಮೂಗು ಉಜ್ಜುವುದು, ಟೋಪಿ ಸರಿಪಡಿಸುವುದು ಈ ದ್ವೀಪದಲ್ಲಿ ಕಳ್ಳತನಕ್ಕಿಂತ ಒಂದು ಮೆಟ್ಟಿಲು ಮೇಲಿನ ಅಪರಾಧವೆಂಬುದು ಎಲ್ಲರಿಗೂ ತಿಳಿದಿರುತ್ತದೆ.

ಹೀಗಿರುವಾಗ ಸದರಿ ರಾದಾಮೆಸ್ ಅವರು ಮೊದಲ ಸುತ್ತುಗಳುದ್ದಕ್ಕೂ ಧಾರಾಳವಾಗಿ ಆಕಳಿಸಿರುತ್ತಾರೆ. ದೋನ್ ಅರಿಸ್ತಿದೆಸ್ ಅವರು ಅಧೀಕ್ಷಕಿಯ ಮುಂದೆ ವಿಚಾರಣೆಯಲ್ಲಿ ಹೇಳಿರುವುದು: “ಅದು ನಿದ್ದೆಯ ಆಕಳಿಕೆ ಅಲ್ಲ ಮೇಡಂ, ಸಿಗ್ನಲ್ಲು. ಸಣ್ಣಗೆ ಬಾಯಿ ತೆರೆದ್ರೆ ಐದು. ಕಿವಿವರೆಗೂ ತೆರೆದ್ರೆ ಜೋಡಿ ಆರು. ನೀರು ಕುಡಿದ್ರೆ ‘ನನ್ ಹತ್ರ ಏನೂ ಇಲ್ಲ, ನೀನೇ ನೋಡ್ಕೋ’ ಅಂತ. ನಾನು ಯಾರ ಕಡೆಗೂ ವಾಲೋನಲ್ಲ. ನನಗೆ ಅಣ್ಣ ತಮ್ಮ ಇಲ್ಲ, ದೊಡ್ಡಪ್ಪ ಚಿಕ್ಕಪ್ಪ ಇಲ್ಲ, ಅಮ್ಮನೂ ಅವರ ಮನೇಗೆ ಒಬ್ಬಳೇ ಮಗಳು. ಮುಲಾಜಿಗೆ ಬೀಳೋಕೆ ನನಗೆ ಜನಾನೇ ಇಲ್ಲ.”

ಸದರಿ ರಾದಾಮೆಸ್ ಅವರು ವೈದ್ಯೆ ಡಾ. ಲೆಬ್ರೋನ್ ಅವರ ಸಲಹೆಯಂತೆ ಮನಸ್ಸಿನ ಮಾತ್ರೆ ಸೇವಿಸುತ್ತಿದ್ದು, ಆಕಳಿಕೆ ಆ ಮಾತ್ರೆಯಿಂದ ಬರುತ್ತಿದೆಯೆಂದು ಗೊತ್ತಿದ್ದರೂ ಯಾರಿಗೂ ಹೇಳಿರುವುದಿಲ್ಲ. ಕಳ್ಳಾಟಗಾರ ಎನ್ನಿಸಿಕೊಳ್ಳುವುದು ಒಂದು ಕಡೆ, ತಲೆ ಕೆಟ್ಟವನು ಎನ್ನಿಸಿಕೊಳ್ಳುವುದು ಇನ್ನೊಂದು ಕಡೆ. ಇವೆರಡರಲ್ಲಿ ಯಾವುದು ವಾಸಿ ಎಂದು ಅವರು ಒಂದು ವಾರ ಯೋಚಿಸಿದ್ದಾರೆ. ಕಿವಿಯ ಬುಡದಲ್ಲಿ ಎಳೆತ ಶುರುವಾದ ಕೂಡಲೇ ನಾಲಿಗೆ ಕಚ್ಚಿ ನೋಡಿದ್ದಾರೆ; ಆಕಳಿಕೆ ಮೂಗಿನಿಂದ ಬಂದಿದೆ. ಕೊನೆಗೆ, ಸೆಮಿಫೈನಲಿಗೆ ಕೆಲವು ದಿನ ಇರುವಾಗ, ಯಾರನ್ನೂ ಕೇಳದೆ ಮಾತ್ರೆಯನ್ನೇ ನಿಲ್ಲಿಸಿರುತ್ತಾರೆ.

ಸೆಮಿಫೈನಲಿನ ದಿನ ಅವರು ಆಕಳಿಸಲಿಲ್ಲ ಎಂಬುದನ್ನು ದಾಖಲಿಸಲಾಗಿದೆ. ಆದರೆ ತಲೆ ತಿರುಗಿಸಿದಾಗಲೆಲ್ಲ ಒಳಗೆ ಕರೆಂಟು ಹೊಡೆದಂತಾಗಿ, ನೆಲ ದೋಣಿಯ ಹಾಗೆ ಓಲಾಡಿ, ಆಟ ಮುಗಿಯುವವರೆಗೂ ಮೇಜಿನ ಅಂಚು ಹಿಡಿದೇ ಕೂತಿದ್ದರು. ಕೈಯಲ್ಲಿ ಉಳಿದ ಒಂದು ಖಾಲಿ ಕಾಯಿಯನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ಪಂದ್ಯವನ್ನು ತೆಲೆಸ್ಫೋರೋ ಒಬ್ಬರೇ ಗೆದ್ದರು ಎನ್ನಬಹುದು. ಮರುದಿನ ಪತ್ನಿ ಶ್ರೀಮತಿ ದೊಮಿತಿಲಾ ಅವರು ಗಂಡನನ್ನು ಮೋಟರ್‌ಸೈಕಲ್ ಹಿಂದೆ ಕೂರಿಸಿಕೊಂಡು ವೈದ್ಯೆಯ ಬಳಿಗೆ ಕರೆದೊಯ್ದರು.

ವೈದ್ಯೆ ಬೈಯಲಿಲ್ಲ. “ಪೇಟೆಗೆ ನೀರು ಹೋಗೋ ದೊಡ್ಡ ವಾಲ್ವು ಹೇಗೆ ಮುಚ್ತೀರಾ, ದೋನ್ ರಾದಾಮೆಸ್?” ಎಂದಷ್ಟೇ ಕೇಳಿದರು.

“ನಿಧಾನಕ್ಕೆ, ಸುತ್ತು ಸುತ್ತಾಗಿ. ಗಬಕ್ಕನೆ ಮುಚ್ಚಿದ್ರೆ ಪೈಪು ಒಡೆದು ಹಾರುತ್ತೆ ಡಾಕ್ಟ್ರೇ, ಅಷ್ಟೂ ಗೊತ್ತಿಲ್ವಾ...” ಎಂದವರು, ಮಾತ್ರೆ ಮತ್ತೆ ಯಾವಾಗಿಂದ ನುಂಗಲಿ ಎಂದು ತಾವೇ ಕೇಳಿದರೆಂದು ದೊಮಿತಿಲಾ ಅವರು ತಿಳಿಸಿರುತ್ತಾರೆ.

ಮಾತ್ರೆ ಮತ್ತೆ ಶುರುವಾಗಿದೆ. ಆಕಳಿಕೆಯೂ ಬಂದಿದೆ. ಶನಿವಾರ ಆಕಳಿಸಿದರೆ ಆಟದಿಂದ ಹೊರಗೆ ಹಾಕಬೇಕೆಂಬುದು ದೂರುದಾರರ ಬೇಡಿಕೆ. ಹಾಗೆ ಹಾಕುವುದಾದರೆ ಶುಕ್ರವಾರದಿಂದ ಮಾತ್ರೆ ಮುಟ್ಟುವುದಿಲ್ಲವೆಂದು ಸದರಿ ರಾದಾಮೆಸ್ ಅವರು ತಲೆ ತಗ್ಗಿಸಿ ಹೇಳಿರುತ್ತಾರೆ. ಈ ಬಗ್ಗೆ ಅವರ ಪತ್ನಿಯ ಹೇಳಿಕೆಯನ್ನು, ಇಲಾಖೆಗೆ ಸಂಬಂಧಿಸಿದ ಬೈಗುಳಗಳನ್ನು ಬಿಟ್ಟು, ಇಲ್ಲಿ ಕೊಡಲಾಗಿದೆ:

“ತಿಂಗಳುಗಟ್ಲೆ ಗೋಡೆ ನೋಡ್ಕೊಂಡು ಕೂತಿದ್ದ ಗಂಡಸು ಇವ್ನು. ಬಾಳೆಕಾಯಿ ಬೇಯ್ಸಿ, ಕಿವುಚಿ, ಮೇಲೆ ಈರುಳ್ಳಿ ಹುರಿದು ಹಾಕಿಟ್ರೆ ತಟ್ಟೆ ಅಲ್ಲೇ ತಣ್ಣಗಾಗೋದು. ಈಗ ಆಕಳಿಸ್ತಾನಂತೆ. ಆಕಳಿಸ್ಲಿ! ಆಕಳಿಸಿ ಎರಡನೇ ಸಲ ಬಡಿಸ್ಕೊಂಡು ತಿಂತಾನೆ. ನಿಮ್ಮ ಬಹುಮಾನದ ಕಪ್ಪು ನಿಮ್ಮ ಮನೇಲೇ ಇಟ್ಕೊಳ್ಳಿ, ನನ್ನ ಗಂಡನ್ನ ಮಾತ್ರ ಮತ್ತೆ ಆ ಗೋಡೆಗೆ ಕಳಿಸ್ಬೇಡಿ.”

ಮೇಲ್ಕಂಡ ಎಲ್ಲವನ್ನೂ ಪರಿಶೀಲಿಸಿ, ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

1. ಆಕಳಿಕೆಯನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ: (ಅ) ನಿದ್ದೆಯದು, (ಆ) ಬೇಸರದ್ದು, (ಇ) ಮಾತ್ರೆಯದು, (ಈ) ಇನ್ನೊಬ್ಬರನ್ನು ನೋಡಿ ಬಂದದ್ದು. ವರ್ಗ (ಇ)ಗೆ ಪೂರ್ಣ ರಕ್ಷಣೆ ಇರುತ್ತದೆ. ಮೇಲಧಿಕಾರಿಗಳು ಭಾಷಣ ಮಾಡುವಾಗ ವರ್ಗ (ಆ)ರ ಆಕಳಿಕೆಯನ್ನು ವರ್ಗ (ಇ) ಎಂದು ಹೇಳಿಕೊಳ್ಳತಕ್ಕದ್ದಲ್ಲ.

2. ಆಕಳಿಕೆಯಲ್ಲಿ ಗುಟ್ಟು ಅಡಗಿದೆಯೇ ಎಂಬುದನ್ನು ಪರೀಕ್ಷಿಸಲಾಗಿದೆ. ಲೆಕ್ಕಪತ್ರ ವಿಭಾಗವು ತಾನೇ ತಯಾರಿಸಿದ ಆಕಳಿಕೆಯ ಕೋಷ್ಟಕವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಪ್ರಕಾರವೇ ಸದರಿ ಜೋಡಿಯ ವಿರುದ್ಧ ಒಂದು ಅಭ್ಯಾಸ ಪಂದ್ಯ ಆಡಿ, ಒಂದು ಅಂಕವೂ ಇಲ್ಲದೆ ಸೋತಿರುತ್ತದೆ. ಆದ್ದರಿಂದ ಆಕಳಿಕೆಯಲ್ಲಿ ಗಾಳಿಯ ಹೊರತು ಬೇರೇನೂ ಇಲ್ಲವೆಂದು ತೀರ್ಮಾನಿಸಲಾಗಿದೆ. ಕೋಷ್ಟಕವನ್ನು ಜಪ್ತಿ ಮಾಡಲಾಗಿದೆ.

3. ಆದಾಗ್ಯೂ ಸಮಾನತೆಯ ದೃಷ್ಟಿಯಿಂದ, ಶನಿವಾರ ಸದರಿಯವರು ಆಕಳಿಸಿದ ಕೂಡಲೇ ಉಳಿದ ಮೂವರೂ ಆಕಳಿಸತಕ್ಕದ್ದು. ಅಂಪೈರಿಗೆ ವಿನಾಯಿತಿ ಕೊಡಲಾಗಿತ್ತು. ಆದರೆ ಈ ನಿಯಮವನ್ನು ಓದಿ ಹೇಳುವಾಗಲೇ ಅವರು ಎರಡು ಬಾರಿ ಆಕಳಿಸಿದ್ದರಿಂದ ವಿನಾಯಿತಿಯನ್ನು ಹಿಂಪಡೆಯಲಾಗಿದೆ.

4. ಸದರಿ ಮಾತ್ರೆಯಿಂದ ಬಾಯಿ ಒಣಗಬಹುದು. ಮೇಜಿನ ಮೇಲೆ ಒಂದೇ ಹೂಜಿ ಇಡತಕ್ಕದ್ದು. ಸೀಟಿ ಊದಿದಾಗ ನಾಲ್ವರೂ ಒಟ್ಟಿಗೆ ಕುಡಿಯತಕ್ಕದ್ದು, ಬಾಯಾರಿಕೆ ಇಲ್ಲದವರು ಬಾಯಾರಿದಂತೆ ಕುಡಿಯತಕ್ಕದ್ದು. ತದನಂತರ ಉಂಟಾಗುವ ಪರಿಣಾಮಕ್ಕಾಗಿ ನಾಲ್ವರೂ ಒಟ್ಟಿಗೆ ಎದ್ದು ಹೋಗುವುದು ಕಡ್ಡಾಯವಲ್ಲ.

5. ಬೆವರು ಒರೆಸುವ ಟವೆಲ್ ಬಿಳಿಯದಾಗಿರತಕ್ಕದ್ದು. ಹೂವು, ಗಿಳಿ, ಸಮುದ್ರ ದಂಡೆ ಅಥವಾ ಎಣಿಸಬಹುದಾದ ಯಾವುದೇ ಚುಕ್ಕಿ ಇರಕೂಡದು.

6. ಕೈ ಸಣ್ಣಗೆ ನಡುಗಿ ಕಾಯಿ ಬಿದ್ದಲ್ಲಿ ಉಳಿದವರು ಕಣ್ಣು ಮುಚ್ಚತಕ್ಕದ್ದು. ಇತರರು ಕಣ್ಣು ಮುಚ್ಚಿದ್ದಾರೆಯೇ ಎಂದು ನೋಡಲು ಕಣ್ಣು ತೆರೆದವರ ಮೇಲೆ ಕ್ರಮ ಜರುಗಿಸಲಾಗುವುದು. ಅವರು ಕಣ್ಣು ತೆರೆದದ್ದನ್ನು ಕಂಡವರ ಮೇಲೂ.

7. ಮಾತ್ರೆಯ ವೇಳೆ, ಪ್ರಮಾಣ, ಊಟಕ್ಕೆ ಮುಂಚೆಯೋ ಆಮೇಲೋ ಎಂಬುದನ್ನು ವೈದ್ಯರಲ್ಲಿ ಕೇಳತಕ್ಕದ್ದು. ಡಾಮಿನೋ ಮೇಜಿನಲ್ಲಿ ಕೇಳತಕ್ಕದ್ದಲ್ಲ. ಒಂದು ದಿನ ಮರೆತರೆ ಮರುದಿನ ಎರಡು ನುಂಗಕೂಡದು. ಆಕಳಿಕೆ, ಹೊಟ್ಟೆ ತೊಳಸು, ರಾತ್ರಿ ವಿಚಿತ್ರ ಕನಸು, ಏನೇ ಇದ್ದರೂ ಹೋಗಿ ಹೇಳಿದರೆ ಅವರು ವೇಳೆ ಬದಲಿಸಬಹುದು, ಪ್ರಮಾಣ ಬದಲಿಸಬಹುದು, ಮಾತ್ರೆಯನ್ನೇ ಬದಲಿಸಬಹುದು. ತಾವಾಗಿಯೇ ನಿಲ್ಲಿಸುವುದನ್ನು ಇನ್ನು ಮುಂದೆ ಪೇಟೆಯ ದೊಡ್ಡ ವಾಲ್ವನ್ನು ಗಬಕ್ಕನೆ ಮುಚ್ಚಿದಷ್ಟೇ ಗಂಭೀರ ಕರ್ತವ್ಯಲೋಪವೆಂದು ಪರಿಗಣಿಸಲಾಗುವುದು.

8. ಮಾತ್ರೆ ನುಂಗಿದ ಸಂಜೆಯೇ ಗುಣ ಕಾಣಲಿಲ್ಲವೆಂದು ಇಲಾಖೆಗೆ ದೂರು ಸಲ್ಲಿಸುವಂತಿಲ್ಲ. ಅದಕ್ಕೆ ವಾರಗಳು ಬೇಕು. ಈ ಇಲಾಖೆಯಲ್ಲಿ ಒಂದು ಕುರ್ಚಿಯ ಕಾಲು ರಿಪೇರಿಗೆ ಹಿಡಿದ ಕಾಲಕ್ಕೆ ಹೋಲಿಸಿದರೆ ಅದು ಶೀಘ್ರವೇ ಆಗಿದೆ.

9. ಶ್ರೀ ತೆಲೆಸ್ಫೋರೋ ಅವರು ಬೇರು, ತೊಗಟೆ ಹಾಕಿ ರಮ್ಮಿನಲ್ಲಿ ನೆನೆಸಿದ ಬಾಟಲಿಯೊಂದನ್ನು “ಕುಡಿ ಗೆಳೆಯಾ, ಕುಡಿ ಕೊಂಪಾದ್ರೆ, ನಮ್ಮಜ್ಜ ಇದ್ರಲ್ಲೇ ತೊಂಬತ್ತು ದಾಟಿದ್ದು” ಎಂದು ಜೊತೆಗಾರರಿಗೆ ನೀಡಿರುವುದು ಗಮನಕ್ಕೆ ಬಂದಿದೆ. ಮಾತ್ರೆಯ ಜೊತೆ ಮದ್ಯವಾಗಲಿ, ನಾಟಿ ಬೇರಾಗಲಿ ವೈದ್ಯರನ್ನು ಕೇಳದೆ ಸೇರಿಸಕೂಡದು. ಸದರಿ ಬಾಟಲಿಯನ್ನು ಪಂದ್ಯದ ವೇಳೆ ಲೆಕ್ಕಪತ್ರ ವಿಭಾಗದ ಕಡೆ ಇಡತಕ್ಕದ್ದು.

10. ಸದರಿ ರಾದಾಮೆಸ್ ಅವರ ಆಟ ಸುಧಾರಿಸಿದ್ದನ್ನು ಕಂಡು ಕೆಲವರು “ನನಗೂ ಒಂದು ಕೊಡೋ, ರುಚಿ ನೋಡ್ತೀನಿ” ಎಂದು ಕೈ ಚಾಚಿರುತ್ತಾರೆ. ಒಬ್ಬರಿಗೆ ಬರೆದು ಕೊಟ್ಟ ಮಾತ್ರೆ ಇನ್ನೊಬ್ಬರಿಗೆ ಸಲ್ಲದು. ಅದರಿಂದ ಜೋಡಿ ಆರು ಕೈಗೆ ಬರುವುದೂ ಇಲ್ಲ.

11. ಹಾಸಿಗೆಯ ವಿಷಯಗಳು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಅಂಗಳದಲ್ಲಿ ಆ ಬಗ್ಗೆ ಕೀಟಲೆ ನಡೆದಿರುವುದರಿಂದ ಶ್ರೀಮತಿ ದೊಮಿತಿಲಾ ಅವರ ಸ್ಪಷ್ಟೀಕರಣವನ್ನು ಪ್ರಕಟಿಸಲಾಗಿದೆ: “ಮಾತ್ರೆಯಿಂದ ಆಸೆ ಸ್ವಲ್ಪ ತಗ್ಗುತ್ತಂತೆ, ಅದಕ್ಕೂ ದಾರಿ ಇದೆ ಅಂದ್ರು ಡಾಕ್ಟ್ರಮ್ಮ. ಕೇಳೋಕೆ ಇವ್ನಿಗೆ ನಾಚಿಕೆ, ನಾನೇ ಕೇಳ್ದೆ. ಅಲ್ಲಿ ನಗ್ತಾ ನಿಂತಿರೋರ ಹೆಂಡ್ತೀರು ನನಗೇನೇನು ಹೇಳಿದ್ದಾರೆ ಅಂತ ಇಲ್ಲೇ ಹೇಳ್ಲಾ? ಅವ್ರು ಯಾವ ಮಾತ್ರೇನೂ ನುಂಗ್ತಿಲ್ಲ.” ತದನಂತರ ಕೀಟಲೆ ನಿಂತಿರುತ್ತದೆ.

12. ಮಾತ್ರೆಯ ಮೊದಲ ದಿನಗಳಲ್ಲಾಗಲಿ, ಯಾವಾಗಲೇ ಆಗಲಿ, ಮನಸ್ಸು ಇನ್ನೂ ಕೆಳಕ್ಕೆ ಇಳಿದರೆ, ಬದುಕುವುದೇ ಬೇಡ ಎನ್ನಿಸಿದರೆ, ಸಂಬಂಧಪಟ್ಟವರು ಕಾಯಿಗಳನ್ನು ಅಲ್ಲೇ ಬಿಟ್ಟು ಎದ್ದು ಯಾರಿಗಾದರೂ ಹೇಳತಕ್ಕದ್ದು. ಹೇಳಿಸಿಕೊಂಡವರು ಅವರನ್ನು ಒಬ್ಬರೇ ಬಿಡದೆ ನೇರ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಗೆಲ್ಲುವ ಆಟವಾದರೂ ಸರಿ. ಈ ನಿಯಮಕ್ಕೆ ಉಪನಿಯಮ ಇರುವುದಿಲ್ಲ.

13. ಡಾಮಿನೋ ಮೇಜು ಇದುವರೆಗೆ ಅಂಗಳದಲ್ಲೇ ಇರುವ ಡಾ. ಲೆಬ್ರೋನ್ ಅವರ ಚಿಕಿತ್ಸಾಲಯದ ಬಾಗಿಲಿಗೆ ಮುಖ ಮಾಡಿದ್ದು, ಒಳಗೆ ಹೋಗುವವರನ್ನೆಲ್ಲ “ಏನಾಯ್ತೋ ಮಾರಾಯಾ, ಯಾವ ಕಾಯಿಲೆ?” ಎಂದು ವಿಚಾರಿಸುವ ಪದ್ಧತಿ ಇತ್ತು. ಈ ಆದೇಶದಿಂದ ಮೇಜನ್ನು ಆಚೆ ಗೋಡೆಗೆ ತಿರುಗಿಸಲಾಗಿದೆ. ಆಟಗಾರರೂ ಪ್ರೇಕ್ಷಕರೂ ಬಾಗಿಲಿಗೆ ಬೆನ್ನು ಹಾಕಿ ಇರತಕ್ಕದ್ದು. ಕುತ್ತಿಗೆ ನೋವೆಂದು ಹಿಂತಿರುಗಿ ನೋಡುವವರನ್ನು ಅದೇ ಬಾಗಿಲಿನೊಳಗೆ ತಪಾಸಣೆಗೆ ಕಳಿಸಲಾಗುವುದು.

14. ಉಲ್ಲೇಖ (4)ರ ಸುತ್ತೋಲೆಯನ್ನು ರದ್ದುಪಡಿಸಲಾಗಿದೆ. ಕಾರಣ, ಶ್ರೀ ತೆಲೆಸ್ಫೋರೋ ಅವರ ಹೇಳಿಕೆ: “ಹಿಂದೆ ಇವ್ನು ಕಾಯಿ ಬಡಿದ್ರೆ ಮೂರು ಬೀದಿಯ ನಾಯಿಗಳೆಲ್ಲ ಎದ್ದು ನಿಲ್ಲೋವು. ಆಮೇಲೆ ಆ ಕೆಟ್ಟ ತಿಂಗಳುಗಳಲ್ಲಿ ಮೊಟ್ಟೆ ಇಟ್ಟ ಹಾಗೆ ಇಡ್ತಿದ್ದ. ಆ ನಿಶ್ಶಬ್ದ ನನಗೆ ತಡೆಯೋಕಾಗ್ತಿರ್ಲಿಲ್ಲ ಮೇಡಂ. ಮಾತ್ರೆ ಶುರುವಾಗಿ ಎಷ್ಟೋ ವಾರ ಆದ್ಮೇಲೆ ಒಂದಿನ ಠಪ್ ಅಂತ ಬಡಿದ. ಅಂಗಡಿಯೋನು ಓಡಿ ಬಂದ, ಏನ್ ಬಿತ್ತು ಅಂತ. ಏನೂ ಬಿದ್ದಿಲ್ಲ, ನಮ್ ಕೊಂಪಾದ್ರೆ ಎದ್ದ ಅಂದೆ.” ಆ ಸದ್ದು ಎಂಥದ್ದೆಂದು ವಿಚಾರಣೆಯಲ್ಲಿ ಒಮ್ಮೆ ಬಡಿದು ತೋರಿಸಲು ಸದರಿ ರಾದಾಮೆಸ್ ಅವರಿಗೆ ಸೂಚಿಸಲಾಗಿ, ಅವರು ಬಡಿದು ತೋರಿಸಿರುತ್ತಾರೆ. ಉಲ್ಲೇಖ (2)ರಲ್ಲಿ ನಮೂದಿಸಿದ ಕಾಫಿ ಚೆಲ್ಲಿದ್ದು ಆಗಲೇ. ಕಾಫಿ ಕಪ್ಪು ಅಧೀಕ್ಷಕಿಯವರದ್ದೇ ಆಗಿದ್ದು, ಎರಡನೇ ದೂರನ್ನು ಮುಕ್ತಾಯಗೊಳಿಸಲಾಗಿದೆ.

ಆದೇಶ

ಶ್ರೀ ರಾದಾಮೆಸ್ ತೆಹೇದಾ ಅವರು ಶನಿವಾರ ಬೆಳಿಗ್ಗೆ ಪತ್ನಿಯ ಎದುರು ಮಾತ್ರೆ ನುಂಗಿ, ಸಂಜೆ ಆಡಲು ಹಾಜರಾಗತಕ್ಕದ್ದು. ಎಷ್ಟು ಬೇಕಾದರೂ ಆಕಳಿಸಬಹುದು. ಮಾತ್ರೆ ನುಂಗಿ ಸೋತರೆ ಇಲಾಖೆಗೆ ಬೇಸರವಿಲ್ಲ. ಮಾತ್ರೆ ಬಿಟ್ಟು ಗೆದ್ದರೆ ಕಪ್ಪನ್ನು ಕೊಡಲಾಗುವುದಿಲ್ಲ. ಸದರಿಯವರು ಇದನ್ನು ಓದಿ, ಒಂದು ದೀರ್ಘ ಆಕಳಿಕೆಯ ನಂತರ ಒಪ್ಪಿರುತ್ತಾರೆ.

ಸಹಿ/-
ಸೆನೈದಾ ಮೊಂತಾಸ್
ಅಧೀಕ್ಷಕಿ ಹಾಗೂ ಡಾಮಿನೋ ಉಸ್ತುವಾರಿ (ಬೇರೆ ಯಾರೂ ಒಪ್ಪದ ಕಾರಣ)

ಪ್ರತಿಗಳು:
1. ಶ್ರೀ ರಾದಾಮೆಸ್ ತೆಹೇದಾ: ಕನ್ನಡಿಯ ಪಕ್ಕ ಅಂಟಿಸಲು.
2. ಶ್ರೀಮತಿ ದೊಮಿತಿಲಾ: ಅವರು ಅಂಟಿಸದಿದ್ದಲ್ಲಿ ಅಂಟಿಸಲು.
3. ಶ್ರೀ ತೆಲೆಸ್ಫೋರೋ ಸೋತೋ: ಬಾಟಲಿಯೊಂದಿಗೆ ಬಂದು, ಬಾಟಲಿ ಬಿಟ್ಟು ಹೋಗಲು.
4. ಡಾ. ಲೆಬ್ರೋನ್: ಮಾಹಿತಿಗಾಗಿ, ಹಾಗೂ ಶನಿವಾರದ ಆಟಕ್ಕೆ ಆಹ್ವಾನ.
5. ಅಂಪೈರ್: ಎಚ್ಚರವಾದ ಮೇಲೆ.
6. “ನಮ್ಮ ದೊಡ್ಡಪ್ಪನ ಮಗನಿಗೆ ಒಂದು ಪ್ರತಿ ಬೇಕಿತ್ತು” ಎಂದು ಬಾಗಿಲು ಮುಚ್ಚಿಕೊಂಡು ಒಬ್ಬೊಬ್ಬರಾಗಿ ಕೇಳಿದ ನೌಕರರು: ಆಯಾ ದೊಡ್ಡಪ್ಪನ ಮಕ್ಕಳಿಗೆ.
7. ದೋನ್ ಅರಿಸ್ತಿದೆಸ್ ಪುಹೋಲ್ಸ್: ದೂರುದಾರರಾಗಿ ಒಂದು ಪ್ರತಿ, ಅವರ ಕೋರಿಕೆಯಂತೆ, ಅವರ ದೊಡ್ಡಪ್ಪನ ಮಗನಿಗೆ ಇನ್ನೊಂದು. ವೈದ್ಯೆ ಮಂಗಳವಾರ ಸಿಗುತ್ತಾರೆ. ಮೇಜನ್ನು ಈಗಾಗಲೇ ತಿರುಗಿಸಲಾಗಿದೆ.